ಚೆಂಡು ಬಿಡ್ರಿ ಮಾಸ್ತರ

ಮೈದಾನದೊಳಗಿನ ಇಪ್ಪತ್ತೆರಡು ಮಂದಿಯನ್ನು ಸಂಭಾಳಿಸುವುದು ಅಂಥ ಕಷ್ಟವಲ್ಲ. ಅವರು ಬೈಯುತ್ತಾರೆ, ಒದೆಯುತ್ತಾರೆ, ಬೀಳದೆಯೂ ಬಿದ್ದಂತೆ ಹೊರಳಾಡುತ್ತಾರೆ. ಎಲ್ಲಕ್ಕೂ ನಿಯಮದ ಪುಸ್ತಕದಲ್ಲಿ ಒಂದೊಂದು ಮದ್ದಿದೆ. ರೆಫರಿಯ ಜೀವ ಹಿಂಡುವುದು ಸುಣ್ಣದ ಗೆರೆಯ ಆಚೆಯಿಂದ ಬರುವ ಸಂಗತಿಗಳು. ಈಚೆಗೆ ಯಾದಗಿರಿಯಲ್ಲಿ ಹೊಸ ರೆಫರಿಗಳ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಹುಡುಗರು ಆಫ್‌ಸೈಡ್ ಕೇಳಿದರು, ಕಾರ್ಡು ಯಾವಾಗ ತೋರಿಸಬೇಕು ಎಂದು ಕೇಳಿದರು. ಹೊರಗಿನಿಂದ ಅಡ್ಡಿ ಬಂದರೆ ಏನು ಮಾಡಬೇಕು ಎಂದು ಒಬ್ಬನೂ ಕೇಳಲಿಲ್ಲ. ಕೇಳದಿದ್ದರೂ ಹೇಳುವುದು ಮುದುಕರ ಚಟ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಹಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಸಂಬಳ ಬಂದದ್ದು ಕವಾಯತಿನಿಂದ, ಬೈಗುಳ ಬಂದದ್ದು ರೆಫರಿಕೆಯಿಂದ. ನನಗೆ ಸಿಕ್ಕ ಶಾಲು, ಹಾರಗಳ ಸುದ್ದಿ ನಿಮಗೆ ಬೇಡ. ಫುಟ್‌ಬಾಲ್ ನಮ್ಮ ಸೀಮೆಯ ಆಟವಲ್ಲ. ನಮ್ಮದು ಕುಸ್ತಿ, ಕಬಡ್ಡಿ. ಫುಟ್‌ಬಾಲ್ ಬಂದದ್ದು ಕಾಲುವೆಯ ಜೊತೆಗೆ. ಕೃಷ್ಣೆಯ ನೀರನ್ನು ಈ ಕರಿಮಣ್ಣಿಗೆ ತಿರುಗಿಸಲು ಎಲ್ಲೆಲ್ಲಿಂದಲೋ ಬಂದ ವೆಲ್ಡರುಗಳು, ಡ್ರೈವರುಗಳು, ಮೇಸ್ತ್ರಿಗಳು ಕ್ಯಾಂಪುಗಳಲ್ಲಿ ಸಂಜೆ ಹೊತ್ತು ಆಡುತ್ತಿದ್ದರು. ಅವರನ್ನು ನೋಡಿ ನಮ್ಮ ಹುಡುಗರು ಕಲಿತರು. ಕೆಂಭಾವಿ, ಸುರಪುರ, ಶಹಾಪುರ ಎಲ್ಲ ಕಡೆ ತಂಡಗಳಾದವು. ಕೆಲಸ ಮುಗಿದು ಕ್ಯಾಂಪುಗಳು ಖಾಲಿಯಾದ ಮೇಲೆ ಆಟವೂ ಹೋಯಿತು. ಆಗಿನ ಗೋಲುಕಂಬಗಳ ನಡುವೆ ಈಗ ಜಾಲಿ ಬೆಳೆದಿದೆ.

ನನಗೆ ಈ ವಿದ್ಯೆ ಹೇಳಿಕೊಟ್ಟವರು ವಿಲಿಯಂ ಸರ್. ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು, ಯಾದಗಿರಿಯಲ್ಲಿ ಮನೆ. ಗಾಡಿ ಬಿಡುವಾಗಲೂ ಅವರದೇ ಸೀಟಿ, ಆಟ ಬಿಡುವಾಗಲೂ ಅವರದೇ ಸೀಟಿ. ಸಿಟ್ಟಿನ ಮನುಷ್ಯ. ನಾನು ಮೊದಮೊದಲು ಅವರ ಕೈಕೆಳಗೆ ಗೆರೆಯ ಮೇಲೆ ಧ್ವಜ ಹಿಡಿದು ಓಡುತ್ತಿದ್ದೆ. ತಪ್ಪು ಮಾಡಿದರೆ ಎಲ್ಲರೆದುರೇ ಬೈಯುತ್ತಿದ್ದರು, ಆಮೇಲೆ ಸ್ಟೇಷನ್ನಿನ ಚಹಾ ಕುಡಿಸುತ್ತಿದ್ದರು. ಹೊರಗಿನ ಅಡ್ಡಿಯ ಬಗ್ಗೆ ಅವರು ಹೇಳಿಕೊಟ್ಟದ್ದು ಇಷ್ಟೇ.

"ಹೊರಗಿಂದು ಒಳಗ ಬಂತಂದ್ರ ಗಾಬರಿ ಆಗಿ ಸೀಟಿ ಊದಬ್ಯಾಡ. ಆಟ ಕೆಡಿಸ್ತದೋ ಇಲ್ಲೋ ಮೊದಲು ನೋಡು. ಕೆಡಿಸಲಿಲ್ಲಂದ್ರ ನಡೀಲಿ ಬಿಡು. ಕೆಡಿಸ್ತಂದ್ರ ಸೀಟಿ ಹೊಡಿ, ಅದನ್ನ ಹೊರಗ ಹಾಕು, ಎಲ್ಲಿ ನಿಂತಿತ್ತೋ ಅಲ್ಲೇ ಚೆಂಡು ಬಿಡು."

ಚೆಂಡು ಬಿಡುವುದೆಂದರೆ ಡ್ರಾಪ್ ಬಾಲ್. ಆಟ ನಿಂತ ಜಾಗದಲ್ಲಿ ರೆಫರಿ ಚೆಂಡನ್ನು ಕೈಯಿಂದ ಕೆಳಗೆ ಬಿಡುತ್ತಾನೆ, ಅದು ನೆಲ ಮುಟ್ಟಿದೊಡನೆ ಆಟ ಶುರು. ಈಗ ಅದನ್ನು ಒಂದೇ ತಂಡಕ್ಕೆ ಮರ್ಯಾದೆಯಿಂದ ಕೊಡುತ್ತಾರೆ, ಉಳಿದವರು ದೂರ ನಿಲ್ಲಬೇಕು. ನಮ್ಮ ಕಾಲದಲ್ಲಿ ಎರಡೂ ಕಡೆಯವರು ಎದುರುಬದುರು ನಿಂತು, ಚೆಂಡು ನೆಲ ಮುಟ್ಟುವುದೇ ತಡ, ಕಾಲು ಬೀಸುತ್ತಿದ್ದರು. ಆ ಏಟುಗಳಲ್ಲಿ ಅರ್ಧ ರೆಫರಿಯ ಮೊಣಕಾಲಿಗೇ ಬೀಳುತ್ತಿದ್ದವು. ನನ್ನ ಎಡಗಾಲು ಇವತ್ತಿಗೂ ಚಳಿಗಾಲದಲ್ಲಿ ಅದನ್ನು ನೆನಪಿಸುತ್ತದೆ.

ಯಾದಗಿರಿಯಲ್ಲಿ ಒಮ್ಮೆ ಚೆಂಡು ಗೋಲಿನತ್ತ ಉರುಳುತ್ತಿರುವಾಗ ನಾಯಿಯೊಂದು ಓಡಿಬಂದು ಮೂತಿ ತಾಗಿಸಿತು. ಚೆಂಡು ಒಳಗೆ ಹೋಯಿತು. ಹೊರಗಿನದು ಚೆಂಡು ಮುಟ್ಟಿದರೆ ಆಗಿನ ನಿಯಮದಲ್ಲಿ ಗೋಲು ಇಲ್ಲ. ನಾನು ಕೊಡಲಿಲ್ಲ. ಗೋಲು ಕಳೆದುಕೊಂಡ ತಂಡದ ನಾಯಕ ಬಂದು, ಆ ನಾಯಿ ಯಾವ ಪಾರ್ಟಿಯದು ಎಂದು ವಿಚಾರಣೆ ಮಾಡಿ ಎಂದ. ಈಗ ನಿಯಮ ಬದಲಾಗಿದೆ. ನಾಯಿ ಮುಟ್ಟಿದರೂ, ಗೋಲು ಕಾಯುವವರಿಗೆ ಅದರಿಂದ ಅಡ್ಡಿಯಾಗದಿದ್ದರೆ, ಒಳಗೆ ಹೋದ ಚೆಂಡು ಗೋಲೇ. ಇದನ್ನು ಗಟ್ಟಿಯಾಗಿ ನೆನಪಿಡಿ, ಹಳೆಯ ನಿಯಮ ಹೇಳಿಕೊಂಡು ತಿರುಗುವ ನನ್ನಂಥವರು ಇನ್ನೂ ಬಹಳ ಮಂದಿ ಇದ್ದಾರೆ.

ಸುರಪುರದಲ್ಲಿ ಎಮ್ಮೆಯೊಂದು ಪೆನಾಲ್ಟಿ ಜಾಗದೊಳಗೆ ಬಂದು ಮಲಗಿಬಿಟ್ಟಿತು. ಅದರ ಒಡತಿ ಒಬ್ಬ ಮುದುಕಿ, ಬೇಲಿಯ ಹತ್ತಿರವೇ ನಿಂತಿದ್ದಳು. ಅದನ್ನು ಎಬ್ಬಿಸಮ್ಮ ಎಂದು ನಾನು ಕೇಳಿಕೊಂಡರೆ, ಗಬ್ಬದ ಎಮ್ಮೆ, ಅದು ಎದ್ದ ಮೇಲೆ ನಿಮ್ಮ ಆಟ ಆಡಿಕೊಳ್ಳಿ ಎಂದಳು. ಕಾದೆವು. ಕೆಂಪು ಕಾರ್ಡಿಗೆ ಎಮ್ಮೆ ಹೆದರುವುದಿಲ್ಲ.

ಆದರೆ ನನಗೆ ಬುದ್ಧಿ ಕಲಿಸಿದ್ದು ಶಹಾಪುರದ ಆಟ. ನಾವು ಆಡುತ್ತಿದ್ದ ಬಯಲಿಗೆ ತಾಗಿ ಬಸ್ಸು ನಿಲ್ಲುತ್ತಿತ್ತು. ವಿಲಿಯಂ ಸರ್ ರೆಫರಿ, ನಾನು ಗೆರೆಯ ಮೇಲೆ. ಒಬ್ಬ ಹುಡುಗ ಚೆಂಡು ತೆಗೆದುಕೊಂಡು ನುಗ್ಗುತ್ತಿದ್ದ. ಅಷ್ಟರಲ್ಲಿ ಕಂಡಕ್ಟರ್ ಬಸ್ಸು ಬಿಡಲು ಸೀಟಿ ಊದಿದ. ಗೋಲು ಕಾಯುತ್ತಿದ್ದ ತಂಡದವರು ಆಟ ನಿಂತಿತೆಂದು ತಿಳಿದು ನಿಂತರು. ನುಗ್ಗಿದವನು ಕಿವುಡನಂತೆ ಹೋಗಿ ಗೋಲು ಹೊಡೆದ. ವಿಲಿಯಂ ಸರ್ ಕೊಡಲಿಲ್ಲ, ಚೆಂಡು ಬಿಟ್ಟರು. ಹೊರಗಿನ ಸದ್ದು ಆಟಗಾರನನ್ನು ನಂಬಿಸಿ ನಿಲ್ಲಿಸಿದರೆ ಅದೂ ಅಡ್ಡಿಯೇ, ಕೈಯಿಂದ ಹಿಡಿದು ನಿಲ್ಲಿಸಿದ ಹಾಗೆಯೇ ಎಂದು ಆಮೇಲೆ ನನಗೆ ಹೇಳಿದರು.

ಇನ್ನು ಸಾಬಣ್ಣನ ಕಥೆ. ಈ ಬರಹ ಶುರು ಮಾಡಿದ್ದೇ ಅದಕ್ಕಾಗಿ, ಇಷ್ಟು ಹೊತ್ತು ನಾಯಿ ಎಮ್ಮೆ ಎಂದು ಸುತ್ತು ಹಾಕಿದ್ದು ಅದನ್ನು ಹೇಳಲು ಮನಸ್ಸು ಬಾರದೆ.

ಸಾಬಣ್ಣ ಕೆಂಭಾವಿ ತಂಡದ ಗೋಲ್‌ಕೀಪರ್. ಊರು ಕೆಂಭಾವಿಯಿಂದ ಇನ್ನೂ ಒಳಗೆ, ಒಂದು ಸಣ್ಣ ಹಳ್ಳಿ. ಉದ್ದ ತೋಳು, ಗುದ್ದಲಿ ಹಿಡಿದು ಒರಟಾದ ಅಂಗೈ. ಅವನಿಗಿಂತ ಒಳ್ಳೆಯ ಕೀಪರನ್ನು ನಾನು ಈ ಮೂರು ತಾಲೂಕುಗಳಲ್ಲಿ ಕಾಣಲಿಲ್ಲ. ಅವನ ಅಪ್ಪ ಇದೇ ಕಾಲುವೆಯ ಮಣ್ಣು ಹೊತ್ತವನು. ನೀರು ಬರುವ ಮೊದಲೇ ತೀರಿಕೊಂಡ. ಮನೆಯಲ್ಲಿ ಉಳಿದವರು ಸಾಬಣ್ಣ ಮತ್ತು ಅವನ ತಾಯಿ ಹಣಮವ್ವ. ಅವರ ಹೊಲ ಉಪಕಾಲುವೆಯ ಕಟ್ಟಕಡೆಗೆ, ಜನ ಟೇಲೆಂಡ್ ಅನ್ನುತ್ತಾರಲ್ಲ, ಅಲ್ಲಿ. ಮೇಲಿನ ಹೊಲದವರಿಗೆ ನೀರು ಸಿಕ್ಕಿತು. ಅವರು ಜೋಳ, ಶೇಂಗಾ ಬಿಟ್ಟು ನೆಲ್ಲು ಹಚ್ಚಿದರು. ನೆಲ್ಲು ಎಲ್ಲ ನೀರನ್ನೂ ಕುಡಿಯಿತು. ಕೊನೆಯ ಹೊಲಗಳ ಕಾಲುವೆಯಲ್ಲಿ ಸಿಮೆಂಟು ಮಾತ್ರ ಬಂದಿತ್ತು, ಅದೂ ಬಿರುಕು ಬಿಟ್ಟಿತ್ತು.

ಆ ವರ್ಷ ಕೊನೆಯ ಊರುಗಳವರು ನೀರಾವರಿ ಆಫೀಸಿನ ಮುಂದೆ ಹೋಗಿ ಕುಳಿತರು. ಒಂದು ದಿನ ಮೇಲಿನ ತೂಬುಗಳನ್ನೆಲ್ಲ ಮುಚ್ಚಿಸಿ ಕಡೆಯವರೆಗೆ ನೀರು ಮುಟ್ಟಿಸುತ್ತೇವೆ ಎಂದು ಅಧಿಕಾರಿಗಳು ಒಪ್ಪಿದರು. ಯಾವ ದಿನ ಎಂದು ಮೊದಲೇ ಹೇಳಲಿಲ್ಲ, ಹೇಳಿದರೆ ಮೇಲಿನವರು ಗುಂಪು ಕಟ್ಟುತ್ತಾರೆಂದು. ಗೇಟು ತೆಗೆಯುವ ನೌಕರ ಚಂದಪ್ಪ, ನೀರು ಬಿಟ್ಟೊಡನೆ ತಾನೇ ಸೈಕಲ್ ಮೇಲೆ ಬಂದು ಸುದ್ದಿ ಕೊಡುತ್ತೇನೆಂದು ಮಾತು ಕೊಟ್ಟ. ಸುದ್ದಿ ಬಂದ ಕೂಡಲೇ ಕೊನೆಯ ಊರಿನ ಗಂಡಸರು ಓಡಿಹೋಗಿ ಕಾಲುವೆಯ ಉದ್ದಕ್ಕೂ ನಿಂತು ಕಾಯಬೇಕು. ಕಾಯದಿದ್ದರೆ ಮೇಲಿನವರು ತೂಬು ಎತ್ತಿ ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಳ್ಳುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಹಣಮವ್ವ ಅಂದಿನಿಂದ ಹಸಿರು ಖಣ, ಅರಿಶಿಣ, ಕುಂಕುಮ, ಒಂದು ತೆಂಗಿನಕಾಯಿಯನ್ನು ಗಂಟು ಕಟ್ಟಿಕೊಂಡು ದಿನಾ ಹೊಲಕ್ಕೆ ಹೋಗಿ ಕೂರುತ್ತಿದ್ದಳಂತೆ. ಮೊದಲ ಸಲ ಬರುವ ಗಂಗವ್ವನಿಗೆ ಉಡಿ ತುಂಬದೆ ನೀರು ಮುಟ್ಟಬಾರದು ಎಂದು ಅವಳ ಹಟ.

ಅದೇ ದಿನಗಳಲ್ಲಿ ಕಾಲುವೆ ಸೀಮೆಯ ಕಪ್ಪಿನ, ಅಂದರೆ ಟ್ರೋಫಿಯ, ಆಟಗಳು. ಕೆಂಭಾವಿ ಹತ್ತಿರದ ಕ್ಯಾಂಪಿನ ಬಯಲು ನಮ್ಮ ಮೈದಾನ. ಪಕ್ಕದಲ್ಲಿ ದೊಡ್ಡ ಕಾಲುವೆ, ಅದರ ಏರಿಯೇ ಜನ ಕೂರುವ ಗ್ಯಾಲರಿ. ಕೊನೆಯ ಊರುಗಳಿಗೆ ನೀರು ಬಿಡುವ ಗೇಟು ಅಲ್ಲಿಂದ ಸಾಕಷ್ಟು ದೂರ, ಕಣ್ಣಿಗೆ ಕಾಣುವುದಿಲ್ಲ. ಸೆಮಿಫೈನಲ್ಲಿನಲ್ಲಿ ಕೆಂಭಾವಿ ಮತ್ತು ಕ್ಯಾಂಪು ಎದುರಾದವು. ನಾನು ರೆಫರಿ. ಈ ಸಲ ವಿಲಿಯಂ ಸರ್ ಗೆರೆಯ ಮೇಲೆ, ಅವರಿಗೆ ಉಸಿರು ಹಿಡಿಯಲು ಶುರುವಾಗಿತ್ತು. ಚಂದಪ್ಪ ಕ್ಯಾಂಪಿನ ಅನ್ನ ತಿನ್ನುವವನು, ಕ್ಯಾಂಪಿನವರ ಜೊತೆ ಏರಿಯ ಮೇಲೆ ಕುಳಿತಿದ್ದ, ಆಟದ ಗದ್ದಲದಲ್ಲಿ ಕೆಂಭಾವಿಯವರು ಅವನನ್ನು ಗಮನಿಸಿರಲಿಲ್ಲ. ಕೆಂಭಾವಿ ಒಂದು ಗೋಲು ಮುಂದಿತ್ತು. ಕ್ಯಾಂಪಿನ ಹುಡುಗರು ಚೆಂಡು ತೆಗೆದುಕೊಂಡು ಮೇಲೆ ಬರುತ್ತಿದ್ದರು. ಆಗ ಚಂದಪ್ಪ ಎದ್ದು ನಿಂತು ಎರಡೂ ಕೈ ಎತ್ತಿ ಒದರಿದ.

"ನೀರ ಬಂದಾವೋ! ಸಾಬಣ್ಣಾ, ನೀರ ಬಂದಾವೋ!"

ಸಾಬಣ್ಣ ಗೋಲು ಬಿಟ್ಟು ಸೈಕಲ್ ನಿಲ್ಲಿಸಿದ್ದ ಕಡೆ ಓಡಿದ. ಅವನ ಮುಂದೆ ಗೋಲು ಕಾಯುತ್ತಿದ್ದ ಇನ್ನಿಬ್ಬರು ಆಟಗಾರರೂ ಓಡಿದರು, ಅವರೂ ಅದೇ ಊರಿನವರು. ಏರಿಯ ಮೇಲಿನ ಅರ್ಧ ಜನ ಎದ್ದರು. ಖಾಲಿ ಗೋಲಿನೊಳಕ್ಕೆ ಕ್ಯಾಂಪಿನ ಹುಡುಗ ಚೆಂಡನ್ನು ನಡೆಸಿಕೊಂಡು ಹೋಗಿ ಇಟ್ಟ. ಸಾಬಣ್ಣ ಸೈಕಲ್ ಹತ್ತುವಾಗ ತಿರುಗಿ ನೋಡಿದ. ಚಂದಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನಾನು ಗೋಲು ಕೊಡಲಿಲ್ಲ. ಓಡಿದ ಮೂವರೂ ಮರಳಿ ಬಂದ ಮೇಲೆ, ಚಂದಪ್ಪ ಒದರಿದಾಗ ಚೆಂಡು ಎಲ್ಲಿತ್ತೋ ಅಲ್ಲಿ ಬಿಟ್ಟೆ. ಕ್ಯಾಂಪಿನ ಇಂಜಿನಿಯರ್ ಸಾಹೇಬರು ಗೆರೆಯವರೆಗೆ ಬಂದು ಇಂಗ್ಲಿಷಿನಲ್ಲಿ ಜಗಳ ತೆಗೆದರು. ಸೀಟಿ ಬೇರೆ, ಕೂಗು ಬೇರೆ; ಜನ ಕೂಗಿದ್ದಕ್ಕೆಲ್ಲ ಆಟ ನಿಲ್ಲಿಸಿದರೆ ಆಟ ಮುಗಿಯುವುದು ಯಾವಾಗ ಎಂದು ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಯಾರೋ ಪ್ರೇಕ್ಷಕ ಒದರಿದ್ದರೆ ನಾನೂ ಗೋಲು ಕೊಡುತ್ತಿದ್ದೆ. ಆದರೆ ಗೇಟು ತೆಗೆಯುವ ಮನುಷ್ಯನೇ ನೀರು ಬಂತು ಅಂದರೆ ಈ ಸೀಮೆಯಲ್ಲಿ ಹೆಣ ಕೂಡ ಎದ್ದು ಓಡುತ್ತದೆ. ಅದು ಕಂಡಕ್ಟರನ ಸೀಟಿಗಿಂತ ದೊಡ್ಡ ಸೀಟಿ. ಕೆಂಭಾವಿ ಗೆದ್ದಿತು.

ಬಸ್ಸಿನಲ್ಲಿ ಹಿಂದಿರುಗುವಾಗ ವಿಲಿಯಂ ಸರ್ ನನ್ನ ತೀರ್ಮಾನ ಸರಿ ಎಂದರು. ಅವರ ಬಾಯಿಂದ ಹಾಗೆ ಬಂದದ್ದು ಅದೇ ಮೊದಲು. ನಾನು ಹಿಗ್ಗಿದೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಇನ್ನೊಂದು ಮಾತು ಹೇಳಿದರು.

"ಗೋಲು ನೀ ವಾಪಸ್ ತೊಗೊಂಡಿ, ಛಲೋ ಆತು. ಆ ಹುಡುಗನ ಕಿವಿ ಕೆಟ್ಟು ಹೋತಲ್ಲ, ಅದನ್ನ ಯಾರು ವಾಪಸ್ ಕೊಡ್ತಾರ?"

ನನಗೆ ಆಗ ಅದು ತಿಳಿಯಲಿಲ್ಲ. ಆಮೇಲೆ ಆ ಕಿವಿಯನ್ನು ಇನ್ನಷ್ಟು ಕೆಡಿಸಿದವರು ಇಡೀ ಊರಿನವರು. ಕೆಂಭಾವಿ ಸಂತೆಯಲ್ಲಿ ಸಾಬಣ್ಣ ಕಂಡರೆ ಸಾಕು, ನೀರ ಬಂದಾವೋ ಎಂದು ಒಬ್ಬ ಒದರುತ್ತಿದ್ದ, ನಾಲ್ಕು ಮಂದಿ ನಗುತ್ತಿದ್ದರು. ಚಹಾ ಅಂಗಡಿಯಲ್ಲಿ ಅವನ ಮುಂದೆ ನೀರಿನ ಲೋಟ ಇಡುವಾಗಲೂ ಅದೇ ಮಾತು. ಚಂದಪ್ಪ ಕೆಟ್ಟವನಲ್ಲ, ತಮಾಷೆಗೆ ಮಾಡಿದ್ದ, ಇಷ್ಟು ದೂರ ಹೋಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಸಾಬಣ್ಣನ ಹತ್ತಿರ ಎರಡು ಸಲ ತಪ್ಪಾಯಿತೆಂದು ಹೇಳಲು ಹೋದನಂತೆ, ಇವನು ಮುಖ ತಿರುಗಿಸಿದ. ಫೈನಲ್ಲಿನ ದಿನ ನಾನು ಬಲೆ ನೋಡಲು ಗೋಲಿನ ಹತ್ತಿರ ಹೋದಾಗ ಸಾಬಣ್ಣ ತಾನಾಗಿ ಹೇಳಿದ.

"ಇನ್ನ ಆಕಾಶ ಹರದು ಬಿದ್ರೂ ಈ ಕಂಬ ಬಿಟ್ಟು ಹೋಗಂಗಿಲ್ರಿ ಮಾಸ್ತರ."

ಎದುರಾಳಿ ಸುರಪುರ. ಏರಿಯ ತುಂಬ ಜನ, ಕೊನೆಯ ಊರಿನ ಗಂಡಸರೆಲ್ಲ ಅಲ್ಲೇ. ಎರಡನೆಯ ಅರ್ಧ ನಡೆದಿತ್ತು, ಎರಡೂ ಕಡೆ ಗೋಲು ಇರಲಿಲ್ಲ. ಆಗ ಏರಿಯ ಮೇಲೆ ಚಂದಪ್ಪನ ಸೈಕಲ್ ಬಂತು. ದೂರದಿಂದಲೇ ಒದರುತ್ತಿದ್ದ. ಜನ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಅವನ ಜೊತೆ ತಾವೂ ಒದರಿದರು. ಇಡೀ ಏರಿ ನೀರ ಬಂದಾವೋ ಎನ್ನತೊಡಗಿತು. ಸಾಬಣ್ಣ ಆ ಕಡೆ ತಲೆ ತಿರುಗಿಸಲಿಲ್ಲ. ಆಟಕ್ಕೇನೂ ಅಡ್ಡಿಯಾಗಿರಲಿಲ್ಲ, ಆದ್ದರಿಂದ ನಾನು ಸೀಟಿ ಹೊಡೆಯಲಿಲ್ಲ. ಚಂದಪ್ಪ ಸೈಕಲ್ ಬಿಸಾಕಿ ಏರಿಯಿಂದ ಜಾರುತ್ತಾ ಇಳಿದು ಮೈದಾನದೊಳಗೇ ಓಡಿ ಬಂದ. ಬಂದು ಸಾಬಣ್ಣನ ರಟ್ಟೆ ಹಿಡಿದು ಜಗ್ಗತೊಡಗಿದ. ಆಗ ಸೀಟಿ ಹೊಡೆದೆ.

ನಾನು ಹತ್ತಿರ ಹೋದಾಗ ಚಂದಪ್ಪ ಏದುಸಿರು ಬಿಡುತ್ತಿದ್ದ. ಅಂಗಿ ಬೆವರಿನಲ್ಲಿ ನೆನೆದಿತ್ತು. ಕೈಯಲ್ಲಿ ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆ ಇತ್ತು, ಅದನ್ನು ಇಟ್ಟು ಬರುವ ವ್ಯವಧಾನವೂ ಇರಲಿಲ್ಲ.

"ಖರೇನ ಬಂದಾವೊ ತಮ್ಮ," ಎಂದ. "ನನ್ನ ಮಾರಿಗಿ ಚಪ್ಪಲಿಲೆ ಹೊಡಿ, ಆಮ್ಯಾಲ ಹೊಡಿ. ಈಗ ಹೋಗೊ. ಮ್ಯಾಲಿನವ್ರು ಆಗಲೇ ಕೂಡ್ಯಾರ."

ನಾನು ಸಾಬಣ್ಣನಿಗೆ ಹೇಳಿದೆ, ಈ ಸಲ ನಿಜ ಇದ್ದ ಹಾಗೆ ಕಾಣುತ್ತದೆ, ಅವನ ಕೈಯಲ್ಲಿರುವುದನ್ನು ನೋಡು. ಹೋಗುವುದಿದ್ದರೆ ಹೋಗು, ಬೇರೆ ಕೀಪರ್ ನಿಲ್ಲುವವರೆಗೆ ನಾನು ಆಟ ತಡೆಯುತ್ತೇನೆ, ಅದಕ್ಕೆ ನಿಯಮ ಅಡ್ಡ ಬರುವುದಿಲ್ಲ. ಸಾಬಣ್ಣ ಹಿಡಿಕೆಯನ್ನು ನೋಡಿದ. ನಂಬಿದ ಎಂದೇ ನನಗೆ ಅನ್ನಿಸಿತು, ಅವನ ಕಾಲು ಒಂದು ಹೆಜ್ಜೆ ಮುಂದೆ ಬಂತು. ಆಮೇಲೆ ಅವನು ಏರಿಯ ಕಡೆ ನೋಡಿದ. ಅವನ ಊರಿನವರೇ ನಗುತ್ತಿದ್ದರು. ಒಬ್ಬ ಪಂಚೆ ಎತ್ತಿ ಕಟ್ಟಿ ಓಡುವ ನಟನೆ ಮಾಡುತ್ತಿದ್ದ. ಸಾಬಣ್ಣ ಹಿಂದಕ್ಕೆ ಸರಿದು ಕಂಬಗಳ ನಡುವೆ ನಿಂತ.

"ಚೆಂಡು ಬಿಡ್ರಿ ಮಾಸ್ತರ," ಎಂದ.

ಹೊರಗಿನವನನ್ನು ಹೊರಗೆ ಕಳಿಸಬೇಕು. ಕಳಿಸಿದೆ. ಚಂದಪ್ಪ ಅಳುತ್ತಾ ಹೋದ, ಅವನು ಅಳುವುದನ್ನೂ ಜನ ಆಟವೆಂದೇ ತಿಳಿದರು. ಆಟ ನಿಂತ ಜಾಗದಲ್ಲಿ ಚೆಂಡು ಬಿಟ್ಟೆ. ಪರೀಕ್ಷೆಯಲ್ಲಿ ಇದನ್ನೇ ಪ್ರಶ್ನೆಯಾಗಿ ಕೇಳಿದರೆ ನನಗೆ ಪೂರಾ ಅಂಕ ಬರುತ್ತವೆ.

ಆಟದ ಕೊನೆಗೆ ಕೆಂಭಾವಿಯವರು ಒಂದು ಗೋಲು ಹೊಡೆದರು. ಆಮೇಲೆ ಸುರಪುರಕ್ಕೆ ಪೆನಾಲ್ಟಿ ಸಿಕ್ಕಿತು, ಸಾಬಣ್ಣ ಎಡಕ್ಕೆ ಹಾರಿ ಹಿಡಿದ. ಅಂಥ ಹಿಡಿತವನ್ನು ನಾನು ಮತ್ತೆ ನೋಡಿಲ್ಲ. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು, ಹಲಗೆ ಬಡಿದರು. ಕಪ್ಪನ್ನು ಟ್ರ್ಯಾಕ್ಟರಿನಲ್ಲಿಟ್ಟು ಅವನ ಊರಿನವರೆಗೆ ಮೆರವಣಿಗೆ ಎಂದು ನನ್ನನ್ನೂ ಹತ್ತಿಸಿಕೊಂಡರು. ದಾರಿ ಉಪಕಾಲುವೆಯ ಪಕ್ಕದಲ್ಲೇ ಹೋಗುತ್ತದೆ. ಮೊದಲು ಕಾಲುವೆಯಲ್ಲಿ ನೀರು ತುಂಬಿ ಹರಿಯುವುದು ಕಂಡಿತು. ಹಲಗೆ ಸದ್ದು ಅಲ್ಲೇ ಕಡಿಮೆಯಾಯಿತು. ಮುಂದೆ ತೂಬುಗಳನ್ನೆಲ್ಲ ಎತ್ತಿದ್ದರು, ನೆಲ್ಲಿನ ಗದ್ದೆಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಬದುಗಳ ಮೇಲೆ ಕೋಲು ಹಿಡಿದ ಜನ ಕುಳಿತಿದ್ದರು. ಇನ್ನೂ ಮುಂದೆ ಕಾಲುವೆಯ ತಳದಲ್ಲಿ ಕೆಸರು. ಆಮೇಲೆ ಅದೂ ಇಲ್ಲ. ಏರಿಯ ಮೇಲೆ ಓಡುವ ನಟನೆ ಮಾಡಿದ್ದವನು ತಲೆ ತಗ್ಗಿಸಿ ಕುಳಿತಿದ್ದ.

ಮೇಲಿನ ತೂಬು ಮುಚ್ಚಿಸುವ ಆ ಪ್ರಯತ್ನವನ್ನು ಯಾರೂ ಮತ್ತೆ ಮಾಡಲಿಲ್ಲ. ಬಿಟ್ಟ ದಿನ ಕಾಯಲು ಒಬ್ಬರೂ ಬರಲಿಲ್ಲ, ಇವರಿಗೆ ನೀರು ಬೇಕಾಗಿಲ್ಲ ಎಂದು ಆಫೀಸಿನವರು ಹೇಳಿದರಂತೆ. ಆ ಹೊಲಗಳಿಗೆ ಇವತ್ತಿನವರೆಗೂ ಕಾಲುವೆ ನೀರು ಮುಟ್ಟಿಲ್ಲ. ಹಣಮವ್ವ ನೀರು ನೋಡದೆಯೇ ತೀರಿಕೊಂಡಳು. ಸಾಬಣ್ಣ ಮತ್ತೆ ಗೋಲಿನಲ್ಲಿ ನಿಲ್ಲಲಿಲ್ಲ. ನಾನು ಕರೆಯಲು ಎರಡು ಸಲ ಹೋದೆ. ಅವನು ಕುರ್ಚಿ ಹಾಕಿ ಕೂರಿಸಿದ, ಚಹಾ ತರಿಸಿದ, ಆಟದ ಮಾತು ಮಾತ್ರ ಎತ್ತಗೊಡಲಿಲ್ಲ. ಹುಡುಗನ ಕಿವಿ ಕೆಟ್ಟಿತು ಎಂದು ವಿಲಿಯಂ ಸರ್ ಹೇಳಿದ್ದರ ಅರ್ಥ ಅವನ ಮನೆಯಿಂದ ನಡೆದು ಬರುವಾಗ ನನಗೆ ಆಗುತ್ತಿತ್ತು.

ಹುಡುಗರೇ, ಹೊರಗಿನ ಅಡ್ಡಿ ಬಂದರೆ ನಾನು ಮೇಲೆ ಬರೆದ ಹಾಗೆಯೇ ಮಾಡಿ. ನೋಡಿ, ಸೀಟಿ ಹೊಡೆಯಿರಿ, ಹೊರಗೆ ಕಳಿಸಿ, ಚೆಂಡು ಬಿಡಿ. ಇದಕ್ಕಿಂತ ಬೇರೆ ದಾರಿ ನನಗೆ ಗೊತ್ತಿಲ್ಲ. ಆದರೆ ಕಪ್ಪು ಗೆದ್ದ ಆ ಸಂಜೆಯದನ್ನೂ ಹೇಳಿ ಮುಗಿಸುತ್ತೇನೆ.

ಟ್ರ್ಯಾಕ್ಟರು ನಿಂತಾಗ ಹಣಮವ್ವ ಒಣ ಕಾಲುವೆಯ ದಂಡೆಯಲ್ಲಿ ಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಸಾಬಣ್ಣ ಕೆಳಗಿಳಿದ, ಹತ್ತಿರ ಹೋಗಲಿಲ್ಲ. ನಾನೇ ಹೋದೆ. ಅವಳು ಸೆರಗು ಸರಿಮಾಡಿಕೊಂಡು ಕೈ ತೋರಿಸಿದಳು. ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಸಿಮೆಂಟಿನ ಮೇಲೆ ಒಂದು ಕರಿ ಗೆರೆ ಕಾಣುತ್ತಿತ್ತು, ಅಲ್ಲಿಯವರೆಗೆ ಹಸಿ, ಈಚೆಗೆ ಧೂಳು.

"ಗಂಗವ್ವ ಅಲ್ಲಿ ತನಕ ಬಂದಿದ್ದಳ್ರಿ ಮಾಸ್ತರ," ಎಂದಳು. "ನಾ ಒಬ್ಬಾಕಿ ಎಷ್ಟಂತ ಕಾಯ್ಲಿ. ಕರಿಯಾಕತ್ತಿದ್ದೆ, ಹೊಳ್ಳಿ ಹ್ವಾದ್ಳು."

ಟ್ರ್ಯಾಕ್ಟರಿನಲ್ಲಿದ್ದ ಕಪ್ಪು ಅವಳ ಕಣ್ಣಿಗೆ ಬಿತ್ತು. ಗೆದ್ದಿರೇನು ಎಂದು ಕೇಳಿದಳು. ಹೌದವ್ವ ಎಂದೆ. ಅವಳು ಗಂಟು ಬಿಚ್ಚಿ ತೆಂಗಿನಕಾಯಿ ತೆಗೆದು, ಅದಕ್ಕೆ ಮೆತ್ತಿದ್ದ ಅರಿಶಿಣ ಒರೆಸದೆ ಹಾಗೆಯೇ ನನ್ನ ಕೈಗೆ ಕೊಟ್ಟಳು.

"ಆಕಿಗಂತ ಇಟ್ಟಿದ್ದೆ. ನಿಮ್ಮ ಕಪ್ಪಿಗಾದ್ರೂ ಒಡೀರಿ. ಹುಡುಗ್ರು ದಣದಾವ."

ನಾನು ಕಾಯಿ ಹಿಡಿದು ನಿಂತೆ. ಸಾಬಣ್ಣ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಒಡೆಯಲಿಲ್ಲ. ಕಾಲುವೆಯೊಳಗೆ ಇಳಿದು ಒಬ್ಬನೇ ನಡೆದುಹೋದ. ಹಸಿ ಎಲ್ಲಿಗೆ ನಿಂತಿತ್ತೋ ಅಲ್ಲಿ ಬಗ್ಗಿ, ಕಾಯಿಯನ್ನು ನೆಲಕ್ಕೆ ಇಟ್ಟ.